ಪುಸ್ತಕ ವಿಮರ್ಶೆಯ ಬ್ಲಾಗ್: ಬೆನ್ನುಡಿಯ ಆಚೆಗೆ ಬರೆಯುವುದು ಹೇಗೆ?

ಪ್ರಶ್ನೆ: ನಾನು ಹಾಸನದಲ್ಲಿ ಬ್ಯಾಂಕ್ ಉದ್ಯೋಗಿ, ಓದಿರುವುದು ಬಿ.ಕಾಂ. ಬಿಡುವಾದಾಗಲೆಲ್ಲ ಕನ್ನಡದ ಕಥೆ, ಕಾದಂಬರಿ, ಆತ್ಮಕಥೆಗಳನ್ನು ಓದುತ್ತೇನೆ. ಓದಿದ ಪುಸ್ತಕಗಳ ಬಗ್ಗೆ ಬರೆಯಲು ಒಂದು ಬ್ಲಾಗ್ ಆರಂಭಿಸುವ ಆಸೆ. ಆದರೆ ಸಾಹಿತ್ಯವನ್ನು ಕಾಲೇಜಿನಲ್ಲಿ ಓದದ ನಾನು ವಿಮರ್ಶೆ ಬರೆಯಬಹುದೇ? ಇಷ್ಟವಾಗದ ಪುಸ್ತಕವನ್ನು ಇಷ್ಟವಾಗಲಿಲ್ಲ ಎಂದು ಬರೆದರೆ ತೊಂದರೆಯಾಗುತ್ತದೆಯೇ? ನನ್ನ ಸೋದರಮಾವನೇ ಕವಿ. ಮೊದಲು ತಮ್ಮ ಸಂಕಲನದ ಬಗ್ಗೆ ಬರೆ ಎನ್ನುತ್ತಿದ್ದಾರೆ. ಪ್ರಕಾಶಕರು ಪುಸ್ತಕಗಳನ್ನು ಉಚಿತವಾಗಿ ಕಳುಹಿಸುತ್ತಾರೆಯೇ, ಇದರಿಂದ ಒಂದಿಷ್ಟು ಹಣ ಬರಬಹುದೇ ಎಂಬುದನ್ನೂ ತಿಳಿಸಿ.
— ಓದುಗರೊಬ್ಬರು, ಹಾಸನ

ಉತ್ತರ: ವಿಮರ್ಶೆ ಬರೆಯಲು ಎಂ.ಎ. ಆಗಿರಬೇಕು ಎಂಬ ನಿಯಮ ಎಲ್ಲಿಯೂ ಇಲ್ಲ. ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿರಬೇಕು ಎಂಬ ನಿಯಮ ಮಾತ್ರ ಇದೆ. ನಗಬೇಡಿ. ಕನ್ನಡದಲ್ಲಿ ಪ್ರಕಟವಾಗುವ ಎಷ್ಟೋ ಪುಸ್ತಕ ಪರಿಚಯಗಳನ್ನು ಸ್ವಲ್ಪ ಗಮನವಿಟ್ಟು ನೋಡಿದರೆ, ಬರೆದವರು ಮುನ್ನುಡಿ, ಬೆನ್ನುಡಿ ಮತ್ತು ಲೇಖಕರ ಅರಿಕೆ ಈ ಮೂರನ್ನು ದಾಟಿ ಮುಂದೆ ಹೋಗಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಹಿರಿಯರು ಮುನ್ನುಡಿಯಲ್ಲಿ ಹೇಳಿದ ಮಾತೇ ಪದ ಬದಲಿಸಿಕೊಂಡು ಮತ್ತೆ ಬಂದಿರುತ್ತದೆ. ಆದ್ದರಿಂದ ಮೊದಲ ಸಲಹೆ: ಮುನ್ನುಡಿ, ಬೆನ್ನುಡಿಗಳನ್ನು ಪುಸ್ತಕ ಮುಗಿಸಿದ ಮೇಲೆ ಓದಿ. ಸಾಧ್ಯವಾದರೆ ನಿಮ್ಮ ಬರಹದ ಮೊದಲ ಕರಡು ಮುಗಿದ ಮೇಲೆ ಓದಿ. ಮುನ್ನುಡಿಕಾರರ ಜೊತೆ ಆಗ ನಿಮಗೆ ಜಗಳವಾಡಲೂ ಸಾಧ್ಯವಾಗುತ್ತದೆ.

ನಿಮ್ಮ ಉದ್ಯೋಗ ಒಂದು ಕೊರತೆ ಎಂದು ಭಾವಿಸಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಸಾಲ, ಜಾಮೀನು, ಅಡವು, ಬಡ್ಡಿ ಇಲ್ಲದ ಕನ್ನಡ ಕಾದಂಬರಿ ಕಡಿಮೆ. ಒಂದು ಕುಟುಂಬ ಸಾಲದಲ್ಲಿ ಮುಳುಗುವುದನ್ನು ಲೇಖಕ ನಂಬುವಂತೆ ಬರೆದಿದ್ದಾನೆಯೇ ಅಥವಾ ಕಥೆಯ ಅನುಕೂಲಕ್ಕೆ ಮುಳುಗಿಸಿದ್ದಾನೆಯೇ ಎಂಬುದು ಪ್ರಾಧ್ಯಾಪಕರಿಗಿಂತ ಮೊದಲು ನಿಮ್ಮ ಕಣ್ಣಿಗೆ ಬೀಳುತ್ತದೆ. ಹಾಸನದ ಸುತ್ತಲಿನ ತೋಟ, ಸಂತೆ, ಜನರ ಮಾತಿನ ವರಸೆಯೂ ನಿಮಗೆ ಗೊತ್ತು. ಓದುಗನಾಗಿ ನಿಮ್ಮ ಬಳಿ ಏನಿದೆಯೋ ಅದನ್ನೇ ಬಂಡವಾಳ ಮಾಡಿಕೊಳ್ಳಿ. ಪುಸ್ತಕದಲ್ಲಿ ಇಲ್ಲದ ನವ್ಯ, ನವ್ಯೋತ್ತರ, ಅಸ್ತಿತ್ವವಾದದಂಥ ವಿಮರ್ಶೆಯ ದೊಡ್ಡ ಪದಗಳನ್ನು ಎಲ್ಲಿಂದಲೋ ತಂದು ಅಂಟಿಸಬೇಕಾಗಿಲ್ಲ.

ಯಾವ ಪುಸ್ತಕಗಳಿಂದ ಆರಂಭಿಸಬೇಕು ಎಂದು ನೀವು ಕೇಳಿಲ್ಲ. ಆದರೆ ಹೊಸ ಬ್ಲಾಗುಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಪತ್ರಿಕೆಗಳಿಗೆ ಜಾಗ ಕಡಿಮೆ. ಬಂದ ಪುಸ್ತಕಗಳಲ್ಲಿ ಬಹುಪಾಲು ‘ಸಾದರ ಸ್ವೀಕಾರ’ದ ಪಟ್ಟಿಯಲ್ಲಿ ಹೆಸರು, ಪುಟ, ಬೆಲೆಗೆ ಮುಗಿಯುತ್ತವೆ. ‘ಸಾಕ್ಷಿ’, ‘ಸಂಕ್ರಮಣ’, ‘ರುಜುವಾತು’, ‘ದೇಶಕಾಲ’ದಂಥ ಸಾಹಿತ್ಯ ಪತ್ರಿಕೆಗಳು ಇದ್ದ ಕಾಲದಲ್ಲಿ ಒಂದು ಪುಸ್ತಕದ ಬಗ್ಗೆ ಹತ್ತಾರು ಪುಟ ಬರೆಯುವ ಅವಕಾಶವಿತ್ತು. ನಿಮ್ಮ ಬ್ಲಾಗಿಗೆ ಪುಟಗಳ ಮಿತಿ ಇಲ್ಲ, ಭಾನುವಾರದ ಗಡುವೂ ಇಲ್ಲ. ಹಾಗಿದ್ದೂ ಹೊಸಬರು ಮಾಡುವುದೇನು? ಈ ತಿಂಗಳು ಬಿಡುಗಡೆಯಾಗಿ ಎಲ್ಲರೂ ಮಾತನಾಡುತ್ತಿರುವ ಪುಸ್ತಕದ ಬಗ್ಗೆ ಐವತ್ತೊಂದನೆಯವರಾಗಿ ಬರೆಯುತ್ತಾರೆ. ಬೇಡ. ನಿಮ್ಮ ಜಿಲ್ಲಾ ಗ್ರಂಥಾಲಯದ ಕಪಾಟಿನಲ್ಲಿ ಮೂವತ್ತು ವರ್ಷದಿಂದ ಕುಳಿತಿರುವ, ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಒಂದು ಸಾಲೂ ಸಿಗದ ಪುಸ್ತಕವನ್ನು ಎತ್ತಿಕೊಳ್ಳಿ. ಅದರ ಹೆಸರು ಹುಡುಕುವ ಸಂಶೋಧನಾ ವಿದ್ಯಾರ್ಥಿಗೆ, ಅಮೆರಿಕದಲ್ಲಿರುವ ಆ ಲೇಖಕನ ಮೊಮ್ಮಗಳಿಗೆ, ನಿಮ್ಮ ಬರಹವೊಂದೇ ಆಸರೆ. ನಿಮಗೆ ಓದುಗರು ಹುಟ್ಟುವುದು ಹಾಗೆ.

ವ್ಯಾಪ್ತಿಯನ್ನು ಕಿರಿದಾಗಿಟ್ಟುಕೊಳ್ಳಿ. ಮಹಿಳೆಯರ ಆತ್ಮಕಥೆಗಳು, ಮಲೆನಾಡಿನ ಕಾದಂಬರಿಗಳು, ಅನುವಾದಗಳು, ಮಕ್ಕಳ ಪುಸ್ತಕಗಳು ಹೀಗೆ ಏನಾದರೂ ಒಂದು. ಒಂದೇ ಕ್ಷೇತ್ರದ ಹತ್ತು ಪುಸ್ತಕ ಓದಿ ಬರೆದ ಮೇಲೆ ಹನ್ನೊಂದನೆಯದನ್ನು ಹೋಲಿಸಿ ನೋಡುವ ಶಕ್ತಿ ತಾನಾಗಿ ಬಂದಿರುತ್ತದೆ. ವಿಮರ್ಶಕರಿಗೆ ಪಾಂಡಿತ್ಯ ಎಂದು ನಾವು ಗೌರವ ಕೊಡುವುದು ಬಹುಮಟ್ಟಿಗೆ ಇದಕ್ಕೇ.

ಈಗ ಬರವಣಿಗೆ. ಓದುವಾಗ ಪೆನ್ಸಿಲ್ ಕೈಯಲ್ಲಿರಲಿ (ಗ್ರಂಥಾಲಯದ ಪ್ರತಿಯಾದರೆ ಪಕ್ಕದಲ್ಲಿ ಒಂದು ಹಾಳೆ). ಮೆಚ್ಚಿದ ಸಾಲು, ಮುಗ್ಗರಿಸಿದ ಜಾಗ, ಅನುಮಾನ ಹುಟ್ಟಿದ ಕಡೆ, ಎಲ್ಲಕ್ಕೂ ಪುಟ ಸಂಖ್ಯೆ ಬರೆದಿಟ್ಟುಕೊಳ್ಳಿ. ಇದು ಬೇಸರದ ಕೆಲಸ, ಆದರೆ ವಿಮರ್ಶೆಯ ಅರ್ಧ ಭಾಗ ಇಲ್ಲಿಯೇ ಮುಗಿಯುತ್ತದೆ. ‘ಲೇಖಕರ ಭಾಷೆ ಸೊಗಸಾಗಿದೆ’ ಎಂದು ಬರೆದು, ಆ ಸೊಗಸಿಗೆ ಪುಸ್ತಕದಿಂದ ಒಂದು ವಾಕ್ಯವನ್ನೂ ಎತ್ತಿ ತೋರಿಸದಿದ್ದರೆ ಅದು ರುಜು ಇಲ್ಲದ ಚೆಕ್. ಮೊತ್ತ ಎಷ್ಟೇ ದೊಡ್ಡದಿರಲಿ, ನಗದಾಗುವುದಿಲ್ಲ.

ಕೆಲವು ವಾಕ್ಯಗಳನ್ನು ಇಂದೇ ಬಹಿಷ್ಕರಿಸಿ. ‘ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುವ ಕೃತಿ’, ‘ಸಾರಸ್ವತ ಲೋಕಕ್ಕೆ ಅಮೂಲ್ಯ ಕೊಡುಗೆ’, ‘ಪ್ರತಿಯೊಬ್ಬರೂ ಕೊಂಡು ಓದಬೇಕಾದ ಪುಸ್ತಕ’, ‘ಇವರ ಲೇಖನಿಯಿಂದ ಇನ್ನಷ್ಟು ಕೃತಿಗಳು ಮೂಡಿಬರಲಿ ಎಂದು ಹಾರೈಸುತ್ತೇನೆ’. ಈ ವಾಕ್ಯಗಳನ್ನು ಯಾವ ಪುಸ್ತಕದ ಮುಂದೆ ಇಟ್ಟರೂ ಹೊಂದುತ್ತವೆ. ಅಡುಗೆ ಪುಸ್ತಕಕ್ಕೂ ಹೊಂದುತ್ತವೆ, ತತ್ತ್ವಶಾಸ್ತ್ರಕ್ಕೂ ಹೊಂದುತ್ತವೆ. ನಿಮ್ಮ ಕರಡಿನ ಪ್ರತಿಯೊಂದು ವಾಕ್ಯಕ್ಕೂ ಇದೇ ಪರೀಕ್ಷೆ ಮಾಡಿ. ಬೇರೊಂದು ಪುಸ್ತಕಕ್ಕೆ ಹೊಂದುವ ವಾಕ್ಯವಾದರೆ ಹೊಡೆದುಹಾಕಿ. ಮೊದಲ ಸಲ ಈ ಕೆಲಸ ಮಾಡಿದಾಗ ಹಾಳೆಯ ಮೇಲೆ ಹೆಚ್ಚೇನೂ ಉಳಿಯುವುದಿಲ್ಲ. ಗಾಬರಿಯಾಗದೆ, ಉಳಿದ ನಾಲ್ಕು ವಾಕ್ಯಗಳಿಂದ ಮತ್ತೆ ಶುರು ಮಾಡಿ.

ಕಥೆಯನ್ನು ಎಷ್ಟು ಹೇಳಬೇಕು ಎಂಬುದು ಇನ್ನೊಂದು ತೊಡಕು. ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ: 1980ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ‘ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವವರ ರೋಚಕ ಕಥೆ’ ಎಂದು ಬರೆದರೆ ಸುಳ್ಳೇನೂ ಅಲ್ಲ. ಆದರೆ ಅದನ್ನು ಬರೆಯಲು ಬೆನ್ನುಡಿ ಓದಿದ್ದರೂ ಸಾಕಾಗಿತ್ತು. ಊರಿನವರು ಕೆಲಸಕ್ಕೆ ಬಾರದವನೆಂದು ಲೆಕ್ಕ ಹಾಕಿದ ಮಂದಣ್ಣನ ಕಣ್ಣನ್ನು ನಂಬಿಕೊಂಡು ದೊಡ್ಡ ವಿಜ್ಞಾನಿಯೊಬ್ಬ ಕಾಡಿಗೆ ಹೊರಡುತ್ತಾನೆ. ಅದೇ ಮಂದಣ್ಣನಿಗೆ ಬೇಕಾಗಿರುವುದು ಒಂದು ಮದುವೆ, ಒಂದು ಸರ್ಕಾರಿ ನೌಕರಿ. ಕಾದಂಬರಿಯ ನಗೆ, ಅದರ ಹಿಂದಿನ ಗಾಂಭೀರ್ಯ ಎರಡೂ ಈ ಇಬ್ಬರ ನಡುವಿನ ಅಂತರದಲ್ಲಿವೆ ಎಂದು ಬರೆದರೆ ನೀವು ಪುಸ್ತಕದೊಳಗೆ ಹೋಗಿ ಬಂದಿದ್ದೀರಿ ಎಂದು ಓದುಗನಿಗೆ ತಿಳಿಯುತ್ತದೆ. ಓತಿ ಸಿಕ್ಕಿತೇ ಇಲ್ಲವೇ ಎಂಬುದನ್ನು ಬಾಯಿಬಿಡಬೇಕಾದ ಪ್ರಮೇಯವೇ ಬರುವುದಿಲ್ಲ. ಸಾಮಾನ್ಯವಾಗಿ ಕಾದಂಬರಿಯ ಮೊದಲ ಮೂರನೆಯ ಒಂದು ಭಾಗದಲ್ಲಿ ನಡೆಯುವುದನ್ನು ಹೇಳಬಹುದು. ಆಮೇಲಿನದನ್ನು ಹೇಳದೆ ನಿಮ್ಮ ವಾದ ನಿಲ್ಲುವುದೇ ಇಲ್ಲ ಎಂದಾದರೆ, ಮುಂದೆ ಕಥೆಯ ಗುಟ್ಟಿದೆ ಎಂದು ಎಚ್ಚರಿಸಿ ಬರೆಯಿರಿ.

ಕಥಾಸಂಕಲನವಾದರೆ ಹನ್ನೆರಡು ಕಥೆಗೂ ಒಂದೊಂದು ಸಾಲಿನ ಹಾಜರಿ ಹಾಕಬೇಡಿ. ಎರಡೋ ಮೂರೋ ಕಥೆ ಆರಿಸಿಕೊಂಡು ಅವುಗಳಲ್ಲಿ ನಿಲ್ಲಿ. ಆತ್ಮಕಥೆಯಾದರೆ ಬರೆದವರು ಯಾರ ಬಗ್ಗೆ ಮೌನವಾಗಿದ್ದಾರೆ ಎಂದು ನೋಡಿ. ಹೆಂಡತಿ ಎರಡು ಸಾಲಿಗೆ ಮುಗಿದುಹೋಗುವ ಆತ್ಮಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅನುವಾದವಾದರೆ ಅನುವಾದಕರ ಹೆಸರು ಶೀರ್ಷಿಕೆಯ ಹತ್ತಿರವೇ ಇರಲಿ. ಜೊತೆಗೆ ಮೂಲ ಭಾಷೆಯಿಂದ ನೇರವಾಗಿ ಬಂದದ್ದೋ ಇಂಗ್ಲಿಷ್ ಮೂಲಕ ಬಂದದ್ದೋ ಎಂಬುದನ್ನು ಹುಡುಕಿ ತಿಳಿಸಿ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ 50,000 ಪೌಂಡ್ ಬಹುಮಾನ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮನಾಗಿ ಹಂಚಿಕೆಯಾಯಿತು. ಬಾನು ಮುಷ್ತಾಕ್ ನಿಮ್ಮ ಊರಿನವರೇ. ಪ್ರಶಸ್ತಿ ಅಷ್ಟು ಗೌರವ ಕೊಟ್ಟ ಮೇಲೂ ನಮ್ಮ ಎಷ್ಟೋ ಬರಹಗಳಲ್ಲಿ ಅನುವಾದಕರ ಹೆಸರೇ ಇರುವುದಿಲ್ಲ.

ಬರಹದ ತಲೆಯಲ್ಲೋ ಬುಡದಲ್ಲೋ ಪುಸ್ತಕದ ವಿವರ ಕೊಡಿ: ಶೀರ್ಷಿಕೆ, ಲೇಖಕರು, ಪ್ರಕಾಶಕರು ಮತ್ತು ಊರು, ಮುದ್ರಣದ ವರ್ಷ, ಪುಟ, ಬೆಲೆ. ಇವೆಲ್ಲ ಒಳಪುಟದಲ್ಲಿ ಇರುತ್ತವೆ. ಮೊದಲ ಮುದ್ರಣವೋ ಮರುಮುದ್ರಣವೋ ಎಂಬುದನ್ನು ಅಲ್ಲಿಯೇ ನೋಡಿಕೊಳ್ಳಿ. ಹೊಸ ಮುಖಪುಟ ಹೊತ್ತು ಬಂದ ಅರವತ್ತರ ದಶಕದ ಕಾದಂಬರಿಯನ್ನು ‘ಈ ಹೊಸ ಕೃತಿ’ ಎಂದು ಸ್ವಾಗತಿಸಿದವರನ್ನು ಕಂಡಿದ್ದೇನೆ.

ಇನ್ನು ನಿಮ್ಮ ಮುಖ್ಯ ಭಯ. ಇಷ್ಟವಾಗದಿದ್ದರೆ ಬರೆಯಬಹುದೇ? ಖಂಡಿತ ಬರೆಯಬಹುದು, ಮತ್ತು ಕಾನೂನು ನಿಮ್ಮ ಪರವಾಗಿದೆ. ಮಾನಹಾನಿಯ ಬಗ್ಗೆ ಹೇಳುವುದು ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. 2024ರ ಜುಲೈ 1ಕ್ಕಿಂತ ಮೊದಲು ಇದು 1860ರ ದಂಡ ಸಂಹಿತೆಯ 499ನೇ ಸೆಕ್ಷನ್ ಆಗಿತ್ತು. ಅದರ ಆರನೆಯ ವಿನಾಯಿತಿ ವಿಮರ್ಶಕರಿಗೆಂದೇ ಬರೆದಂತಿದೆ. ಸಾರ್ವಜನಿಕರ ತೀರ್ಪಿಗೆ ಒಪ್ಪಿಸಿದ ಕೃತಿಯ ಗುಣದೋಷಗಳ ಬಗ್ಗೆ ಸದ್ಭಾವನೆಯಿಂದ ಅಭಿಪ್ರಾಯ ಹೇಳುವುದು ಮಾನಹಾನಿಯಲ್ಲ. ಕೃತಿಯಲ್ಲಿ ಕಾಣಿಸುವಷ್ಟರ ಮಟ್ಟಿಗೆ ಕರ್ತೃವಿನ ಸ್ವಭಾವದ ಬಗ್ಗೆ ಹೇಳುವುದಕ್ಕೂ ಅಲ್ಲಿ ಅವಕಾಶವಿದೆ. ಪುಸ್ತಕ ಪ್ರಕಟಿಸಿದವನು ಅದನ್ನು ಸಾರ್ವಜನಿಕರ ತೀರ್ಪಿಗೆ ಒಪ್ಪಿಸಿದ್ದಾನೆ ಎಂದು ಕಾನೂನೇ ದೃಷ್ಟಾಂತ ಕೊಟ್ಟು ಹೇಳುತ್ತದೆ.

ಅಲ್ಲಿನ ಇನ್ನೆರಡು ದೃಷ್ಟಾಂತಗಳನ್ನು ಪ್ರತಿಯೊಬ್ಬ ವಿಮರ್ಶಕನೂ ಓದಿಕೊಂಡಿರಬೇಕು. ಅವುಗಳ ಸಾರ ಇಷ್ಟು. ಒಬ್ಬ ಹೇಳುತ್ತಾನೆ: ಈ ಪುಸ್ತಕ ಮೂರ್ಖತನದ್ದು, ಬರೆದವನು ದುರ್ಬಲ ಮನುಷ್ಯನಿರಬೇಕು, ಪುಸ್ತಕ ಅಸಭ್ಯವಾಗಿದೆ, ಬರೆದವನ ಮನಸ್ಸು ಮಲಿನವಾಗಿರಬೇಕು. ಇದನ್ನು ಸದ್ಭಾವನೆಯಿಂದ ಹೇಳಿದ್ದರೆ ಅವನಿಗೆ ರಕ್ಷಣೆ ಇದೆ, ಏಕೆಂದರೆ ಅವನು ಪುಸ್ತಕದಿಂದ ಮನುಷ್ಯನ ಕಡೆಗೆ ಬಂದಿದ್ದಾನೆ. ಇನ್ನೊಬ್ಬ ಹೇಳುತ್ತಾನೆ: ಈ ಪುಸ್ತಕ ಹೀಗಿರುವುದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಬರೆದವನು ದುರ್ಬಲ, ಲಂಪಟ. ಇವನಿಗೆ ರಕ್ಷಣೆ ಇಲ್ಲ. ಮನುಷ್ಯನ ಬಗ್ಗೆ ಹೊರಗಿನಿಂದ ತಂದ ದೂರನ್ನು ಪುಸ್ತಕದ ಮೇಲೆ ಹೇರಿದ್ದಾನೆ. ನೂರಾ ಅರವತ್ತಕ್ಕೂ ಹೆಚ್ಚು ವರ್ಷ ಹಳೆಯದಾದ ಈ ಗೆರೆಗಿಂತ ಸ್ಪಷ್ಟವಾದ ವಿಮರ್ಶೆಯ ಪಾಠ ನನಗೆ ಎಲ್ಲಿಯೂ ಸಿಕ್ಕಿಲ್ಲ. ಲೇಖಕರ ಜಾತಿ, ಪಕ್ಷ, ಸಂಸಾರ, ಪ್ರಶಸ್ತಿಗೆ ಅವರು ನಡೆಸಿದರು ಎನ್ನಲಾಗುವ ಓಡಾಟ, ಇವು ಗೆರೆಯ ಆ ಕಡೆಗಿವೆ. ಅಲ್ಲಿಗೆ ಹೋಗಬೇಡಿ. ಪುಟ ತೆರೆದು ತೋರಿಸಲು ಸಾಧ್ಯವಿರುವ ದೋಷವನ್ನು ಮಾತ್ರ ಹೇಳಿ.

ಇದು ಕಾನೂನಿನ ಮಾತಾಯಿತು. ಕನ್ನಡದ ಸಾಹಿತ್ಯ ವಲಯ ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಖಾರವಾಗಿ ಬರೆದರೆ ಫೋನು ಬರುತ್ತದೆ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸ್ಕ್ರೀನ್‌ಶಾಟ್ ಓಡಾಡುತ್ತದೆ, ಮುಂದಿನ ಬಿಡುಗಡೆ ಸಮಾರಂಭದಲ್ಲಿ ಕಾಫಿ ಕುಡಿಯುವಾಗ ಒಬ್ಬರು ಮುಖ ತಿರುಗಿಸುತ್ತಾರೆ. ಇದಕ್ಕೆ ಸಿದ್ಧರಿರಿ. ಲೇಖಕರು ತಪ್ಪು ತೋರಿಸಿದರೆ, ಅದು ನಿಜವಾಗಿಯೂ ತಪ್ಪಾಗಿದ್ದರೆ, ದಿನಾಂಕ ಹಾಕಿ ತಿದ್ದಿ. ಅಭಿಪ್ರಾಯವನ್ನು ಬದಲಿಸಿ ಎಂದರೆ ನಯವಾಗಿ ಇಲ್ಲ ಎನ್ನಿ. ಮೊದಲ ಪುಸ್ತಕ ಬರೆದ ಹುಡುಗನೊಬ್ಬ ಸ್ವಂತ ಹಣ ಹಾಕಿ ಅಚ್ಚು ಹಾಕಿಸಿದ ಸಂಕಲನ ಚೆನ್ನಾಗಿಲ್ಲವೆಂದಾದರೆ, ನಾನಾದರೆ ಸುಮ್ಮನಿರುತ್ತೇನೆ. ಅದನ್ನು ಯಾರೂ ಓದುತ್ತಿಲ್ಲ. ಓದಬೇಡಿ ಎಂದು ಸಾರುವುದರಿಂದ ಯಾರಿಗೂ ಉಪಕಾರವಿಲ್ಲ. ಪ್ರಶಸ್ತಿ ಪಡೆದು, ಪಠ್ಯವಾಗಿ, ಹೊಗಳಿಕೆಯಲ್ಲಿ ಮಿಂದಿರುವ ಪುಸ್ತಕ ಚೆನ್ನಾಗಿಲ್ಲ ಎನಿಸಿದರೆ ಮಾತ್ರ ಕಾರಣ ಕೊಟ್ಟು ಬರೆಯಲೇಬೇಕು.

ಸೋದರಮಾವನ ಸಂಕಲನದ ಬಗ್ಗೆ ಬರೆಯಬೇಡಿ. ಮೊದಲನೆಯದಾಗಿಯಂತೂ ಬೇಡವೇ ಬೇಡ. ಹೊಗಳಿದರೆ ಓದುಗರು ನಂಬುವುದಿಲ್ಲ, ತೆಗಳಿದರೆ ಹಬ್ಬಕ್ಕೆ ಅವರ ಮನೆಗೆ ಹೋಗುವುದು ಕಷ್ಟ. ‘ಸಂಬಂಧಿಕರ ಪುಸ್ತಕಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ’ ಎಂದು ಬ್ಲಾಗಿನ ಪರಿಚಯ ಪುಟದಲ್ಲಿಯೇ ಬರೆದುಬಿಡಿ, ಆಮೇಲೆ ಅದನ್ನು ಮಾವನಿಗೆ ತೋರಿಸಿ. ಸೊಸೆಯಂದಿರು, ಅಳಿಯಂದಿರ ಮೇಲೆ ಪಟ್ಟುಕೊಳ್ಳುವಷ್ಟು ಬೇಸರವನ್ನು ಯಾರೂ ಒಂದು ನಿಯಮದ ಮೇಲೆ ಪಟ್ಟುಕೊಳ್ಳುವುದಿಲ್ಲ.

ಪ್ರಕಾಶಕರು ಪುಸ್ತಕ ಕಳುಹಿಸುತ್ತಾರೆಯೇ? ಕಳುಹಿಸುತ್ತಾರೆ, ಆದರೆ ನಿಮ್ಮ ಬ್ಲಾಗಿನಲ್ಲಿ ಹತ್ತಿಪ್ಪತ್ತು ಒಳ್ಳೆಯ ಬರಹಗಳು ಆದ ಮೇಲೆ. ಅಲ್ಲಿಯವರೆಗೆ ಕೇಳಬೇಡಿ. ನಮ್ಮ ಪ್ರಕಾಶಕರಲ್ಲಿ ಅನೇಕರು ಮನೆಯ ಒಂದು ಕೋಣೆಯಲ್ಲಿ ಕೂತು ಕೆಲವು ನೂರು ಪ್ರತಿ ಅಚ್ಚು ಹಾಕಿಸುವವರು. ಒಂದು ಉಚಿತ ಪ್ರತಿಯೂ ಅವರಿಗೆ ಹೊರೆ. ಗ್ರಂಥಾಲಯವನ್ನು ಬಳಸಿ. ನವೆಂಬರಿನಲ್ಲಿ ರಾಜ್ಯೋತ್ಸವದ ನೆಪದಲ್ಲಿ ಸರ್ಕಾರಿ ಪ್ರಾಧಿಕಾರ, ಅಕಾಡೆಮಿಗಳು ರಿಯಾಯಿತಿ ಕೊಡುವುದುಂಟು, ಆಗ ಕೊಳ್ಳಿ. ಕೊಂಡ ಪುಸ್ತಕದ ಬಗ್ಗೆ ಬರೆಯುವಾಗ ಕೈ ಹಗುರವಾಗಿರುತ್ತದೆ. ಉಚಿತ ಪ್ರತಿ ಬಂದಿದ್ದರೆ ಅದನ್ನು ಒಂದು ಸಾಲಿನಲ್ಲಿ ಹೇಳಿಬಿಡಿ. ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸಾಮಾಜಿಕ ಜಾಲತಾಣಗಳ ಪ್ರಭಾವಿಗಳಿಗೆಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಬಹಿರಂಗಪಡಿಸಬೇಕಾದ ಸಂಬಂಧಗಳ ಸಾಲಿನಲ್ಲಿ ಹಣದ ಜೊತೆಗೆ ಉಚಿತ ವಸ್ತುಗಳೂ, ಕೌಟುಂಬಿಕ ಸಂಬಂಧವೂ ಇವೆ. ಪ್ರಾಮಾಣಿಕ ವಿಮರ್ಶೆ ಜಾಹೀರಾತೇನೂ ಅಲ್ಲ. ಆದರೂ ಸಾಬೂನು ಮಾರುವವರಿಗೆ ಹಾಕಿದ ಶಿಸ್ತಿಗಿಂತ ಕಡಿಮೆ ಶಿಸ್ತು ನಮಗೆ ಸಾಕು ಎನ್ನುವುದು ನಾಚಿಕೆಗೇಡು.

ಉಲ್ಲೇಖಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗಾಗಿ ಕೃತಿಯ ಭಾಗಗಳನ್ನು ನ್ಯಾಯಯುತವಾಗಿ ಬಳಸಲು ಬಿಡುತ್ತದೆ. ಇಷ್ಟೇ ಸಾಲು ಎಂಬ ಲೆಕ್ಕವನ್ನು ಕಾಯ್ದೆ ಕೊಟ್ಟಿಲ್ಲ. ನಿಮ್ಮ ಮಾತು ಹೆಚ್ಚಾಗಿ, ಲೇಖಕರ ಮಾತು ಕಡಿಮೆಯಾಗಿ ಇದ್ದರೆ ಹೆದರಬೇಕಾಗಿಲ್ಲ. ಕವಿತೆಯನ್ನು ಮಾತ್ರ ಇಡಿಯಾಗಿ ಹಾಕಬೇಡಿ, ಅದು ನಾಲ್ಕೇ ಸಾಲಿನ ಚುಟುಕವಾಗಿದ್ದರೂ ಕೇಳಿಕೊಂಡು ಹಾಕಿ. ಭಾರತದಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷ ಹಕ್ಕು ಉಳಿದಿರುತ್ತದೆ. ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡುವ ಪಿಡಿಎಫ್‌ಗಳ ಕೊಂಡಿಯನ್ನು ಓದುಗರು ಕೇಳುತ್ತಾರೆ. ಕೊಡಬೇಡಿ. ಪುಸ್ತಕ ಸಿಗುವ ಅಂಗಡಿಯನ್ನೋ ಪ್ರಕಾಶಕರನ್ನೋ ತೋರಿಸಿ.

ತಂತ್ರಜ್ಞಾನದಲ್ಲಿ ನಿಮಗೆ ಬೇಕಾಗಿರುವುದು ಬಹಳ ಕಡಿಮೆ. ಬ್ಲಾಗರ್ ಅಥವಾ ವರ್ಡ್‌ಪ್ರೆಸ್‌ನ ಉಚಿತ ಖಾತೆ ಸಾಕು. ಫೇಸ್‌ಬುಕ್ಕಿನಲ್ಲಿಯೇ ಬರೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಅಲ್ಲಿ ಎರಡು ದಿನ ಮೆಚ್ಚುಗೆ ಸಿಗುತ್ತದೆ, ಎರಡು ವರ್ಷದ ನಂತರ ನಿಮಗೇ ನಿಮ್ಮ ಬರಹ ಸಿಗುವುದಿಲ್ಲ. ಬ್ಲಾಗಿನಲ್ಲಿ ಬರೆದು ಕೊಂಡಿಯನ್ನು ಅಲ್ಲಿ ಹಂಚಿ. ಟೈಪ್ ಮಾಡುವುದು ಯೂನಿಕೋಡಿನಲ್ಲೇ (ಫೋನು, ಕಂಪ್ಯೂಟರು ಎಲ್ಲದರಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆ) ಇರಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದನ್ನು ತಂದು ಅಂಟಿಸಿದರೆ ಓದುಗರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ಹುಡುಕಾಟದಲ್ಲೂ ಸಿಗುವುದಿಲ್ಲ. ಇನ್ನೊಂದು ಸಣ್ಣ ಕಿರಿಕಿರಿ: ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ಆ ಪುಟದ ವಿಳಾಸಕ್ಕೆ ಪುಸ್ತಕದ ಹೆಸರನ್ನು ಬಳಸದೆ ‘ಬ್ಲಾಗ್ ಪೋಸ್ಟ್’ ಎಂದು ಏನೋ ಒಂದು ಕೊಟ್ಟುಬಿಡುತ್ತದೆ. ವರ್ಡ್‌ಪ್ರೆಸ್ಸಿನಲ್ಲಿ ಕನ್ನಡ ವಿಳಾಸ ಹಂಚಿಕೊಳ್ಳುವಾಗ ಮಾರುದ್ದದ ಚಿಹ್ನೆಗಳ ಸಾಲಾಗುತ್ತದೆ. ಪ್ರಕಟಿಸುವ ಮೊದಲು ಪರ್ಮಾಲಿಂಕ್ (ಪುಟದ ವಿಳಾಸ) ಆಯ್ಕೆಗೆ ಹೋಗಿ ಪುಸ್ತಕದ, ಲೇಖಕರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನೀವೇ ಬರೆಯಿರಿ. ವರ್ಷಕ್ಕೆರಡು ಬಾರಿಯಾದರೂ ಎಲ್ಲ ಬರಹಗಳ ಬ್ಯಾಕಪ್ ಇಳಿಸಿಕೊಳ್ಳಿ. ವಿನ್ಯಾಸ, ಬಣ್ಣ, ಲೋಗೋ ಎಂದು ತಿಂಗಳುಗಟ್ಟಲೆ ಕಾಲ ಕಳೆಯಬೇಡಿ. ಅದು ಬರೆಯದಿರಲು ಹುಡುಕಿಕೊಂಡ ನೆಪ.

ಆರಂಭಿಸುವ ಮುನ್ನ ನಾಲ್ಕೈದು ಬರಹ ಸಿದ್ಧವಾಗಿರಲಿ. ನೌಕರಿ ಮಾಡಿಕೊಂಡು ತಿಂಗಳಿಗೆ ಎರಡು ಬರೆದರೆ ಅದೇ ಹೆಚ್ಚು. ವಾರಕ್ಕೊಂದು ಎಂದು ಹಟ ಹಿಡಿದರೆ ಓದು ಓಟವಾಗುತ್ತದೆ, ಆಮೇಲೆ ನೀವೂ ಬೆನ್ನುಡಿಯನ್ನು ನೆಚ್ಚಿಕೊಳ್ಳುತ್ತೀರಿ. ಒಂದು ಕಾದಂಬರಿಗೆ 600ರಿಂದ 800 ಪದ ಸಾಕು. ಹೇಳುವುದು ಇನ್ನೂ ಇದ್ದರೆ ಬರೆಯಿರಿ, ಇಲ್ಲದಿದ್ದರೆ ಎಳೆಯಬೇಡಿ.

ಹಣದ ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಿಮ್ಮ ಬ್ಲಾಗಿನಲ್ಲಿ ಹಾಕಿದ ಅಂಗಡಿಯ ಕೊಂಡಿಯ ಮೂಲಕ ಯಾರಾದರೂ 200 ರೂಪಾಯಿಯ ಪುಸ್ತಕ ಕೊಂಡರು, ಅಂಗಡಿಯವರು ನಿಮಗೆ ಶೇ 5ರಷ್ಟು ಕಮಿಷನ್ ಕೊಟ್ಟರು ಎಂದಿಟ್ಟುಕೊಳ್ಳಿ. ಬಂದದ್ದು 10 ರೂಪಾಯಿ. ನೂರು ಜನ ಕೊಂಡರೆ 1,000. ಕನ್ನಡ ವಿಮರ್ಶೆಯೊಂದನ್ನು ಓದಿ ನೂರು ಜನ ಪುಸ್ತಕ ಕೊಂಡರೆ ಪ್ರಕಾಶಕರು ನಿಮಗೆ ಸನ್ಮಾನ ಮಾಡಿಯಾರು. ಹಣ ಪಡೆದು ವಿಮರ್ಶೆ ಬರೆದುಕೊಡಿ ಎಂದು ಲೇಖಕರೇ ಕೇಳಿಕೊಂಡು ಬರುವುದೂ ಉಂಟು. ಒಮ್ಮೆ ಒಪ್ಪಿದರೆ ಹಿಂದೆ ಬರೆದದ್ದನ್ನೂ ಯಾರೂ ನಂಬುವುದಿಲ್ಲ. ಬ್ಲಾಗು ಬೆಳೆದರೆ ಪತ್ರಿಕೆಗಳು ಬರೆಯಲು ಕರೆಯಬಹುದು, ಅಲ್ಲಿ ಅಲ್ಪಸ್ವಲ್ಪ ಸಂಭಾವನೆ ಇರುತ್ತದೆ. ಆದರೆ ಕಮಿಷನ್ ಇರಲಿ, ಸಂಭಾವನೆ ಇರಲಿ, ಒಂದು ರೂಪಾಯಿ ಪಡೆಯುವ ಮೊದಲು ನಿಮ್ಮ ಬ್ಯಾಂಕಿನ ನಡತೆ ನಿಯಮಗಳಲ್ಲಿ ಹೊರಗಿನ ಆದಾಯದ ಬಗ್ಗೆ ಏನಿದೆ ಎಂದು ನೋಡಿಕೊಳ್ಳಿ. ಅನುಮತಿ ಬೇಕಿದ್ದರೆ ಅರ್ಜಿ ಕೊಟ್ಟು ಲಿಖಿತವಾಗಿಯೇ ಪಡೆಯಿರಿ, ಮೇಲಧಿಕಾರಿಯ ಬಾಯಿಮಾತನ್ನು ನೆಚ್ಚಬೇಡಿ.